ಎತ್ವ ಮೊದಲು, ಅಕ್ಷರ ಆಮೇಲೆ!

ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿರುವ ನಾನು ಮೂರು ತಿಂಗಳಿಂದ ಥಾಯ್ ಕಲಿಯುತ್ತಿದ್ದೇನೆ ಅಂದರೆ ಮುಳಬಾಗಿಲಿನಲ್ಲಿ ಎಲ್ಲರೂ ನಗುತ್ತಾರೆ. ಬೆಂಗಳೂರಿನ ಟ್ರಾವೆಲ್ಸ್ ಕಚೇರಿಯೊಂದಕ್ಕೆ ಬ್ಯಾಂಕಾಕ್ ಪ್ರವಾಸ ನೋಡಿಕೊಳ್ಳುವವರು ಬೇಕಂತೆ. ಥಾಯ್ ಓದಲು ಬಂದರೆ ಆದ್ಯತೆಯಂತೆ. ಇಂಗ್ಲಿಷ್‌ನಲ್ಲಿ ನನಗಿಂತ ಚುರುಕಾದವರು ಸಾವಿರ ಜನ ಇದ್ದಾರೆ. ಥಾಯ್‌ನಲ್ಲಾದರೂ ಕ್ಯೂ ಚಿಕ್ಕದಿರಬಹುದು ಅನ್ನಿಸಿತು.

ಥಾಯ್‌ನಲ್ಲಿ 44 ವ್ಯಂಜನಾಕ್ಷರಗಳಿವೆ. ಆದರೆ ಹೊಸಬರನ್ನು ಹೆಚ್ಚು ಕಾಡುವುದು ಸ್ವರಗಳು. ನಮ್ಮ ಕಾಗುಣಿತದ ಹಾಗೆ ಅವೂ ವ್ಯಂಜನಕ್ಕೆ ಅಂಟಿಕೊಳ್ಳುತ್ತವೆ. ಕೆಲವು ಮೇಲೆ, ಕೆಲವು ಕೆಳಗೆ, ಕೆಲವು ಬಲಕ್ಕೆ. ಐದು ಗುರುತುಗಳು ಮಾತ್ರ ವ್ಯಂಜನಕ್ಕಿಂತ ಮುಂಚೆಯೇ ಬಂದು ಎಡಗಡೆ ಕೂರುತ್ತವೆ. 'ಪೈ' ಅಂದರೆ 'ಹೋಗು'. ಅದರಲ್ಲಿ ಐತ್ವ ಮೊದಲು, ಪಕಾರ ಆಮೇಲೆ. ಕಣ್ಣಿಗೆ ಮೊದಲು ಬಿದ್ದದ್ದನ್ನು ಬಾಯಿ ತಡವಾಗಿ ಹೇಳಬೇಕು!

ಕೋಲಾರದ ಪಿ.ಜಿ.ಯಲ್ಲಿ ನನ್ನ ಜೊತೆಗಿದ್ದ ಮಾಲೂರಿನ ಗೆಳತಿಯ ಮನೆಮಾತು ತಮಿಳು. ನನ್ನ ಪುಸ್ತಕ ನೋಡಿ, "ಇದರಲ್ಲಿ ಹೊಸದೇನಿದೆ? ನಮ್ದೂ ಹಂಗೇ ಅಲ್ವೇನೇ" ಅಂದಳು. ನಿಜ. ತಮಿಳಿನಲ್ಲಿ 'ಚೆನ್ನೈ' ಬರೆದಾಗ ಎತ್ವ ಚಕಾರದ ಎಡಕ್ಕೇ ಇರುತ್ತದೆ. ನೆಂಟಸ್ತಿಕೆ ಹಳೆಯದು: ಥಾಯ್ ಲಿಪಿ ಬಂದದ್ದು ಖ್ಮೇರ್ ಲಿಪಿಯಿಂದ, ಖ್ಮೇರ್ ಲಿಪಿಯ ಬೇರು ದಕ್ಷಿಣ ಭಾರತದ ಪಲ್ಲವ ಲಿಪಿಯಲ್ಲಿದೆ.

ಉಚ್ಚಾರಣೆಗೂ ದೂರ ಹೋಗಬೇಕಾಗಲಿಲ್ಲ. ಥಾಯ್‌ನಲ್ಲಿ ತುಟಿ ಗುಂಡಗೆ ಮಾಡದೆ ಹೇಳುವ ಒಂದು 'ಉ' ಇದೆ. 'ಕೈ' ಎಂಬ ಅರ್ಥದ ಪದದಲ್ಲಿ ಅದೇ ಸ್ವರ. ಮಾತಾಡುವ ತಮಿಳಿನಲ್ಲಿ 'ಪಾಟ್ಟು', 'ನೇತ್ತು' ಪದಗಳ ಕೊನೆಯಲ್ಲಿ ಕೇಳಿಸುವುದೂ ಹೆಚ್ಚುಕಡಿಮೆ ಅದೇ. 'ಅಮ್ಮ'ನಿಗೆ ಥಾಯ್‌ನಲ್ಲಿ 'ಮ್ಯಾ' ಅನ್ನುತ್ತಾರೆ. ಶ್ರೀನಿವಾಸಪುರದ ನಮ್ಮಜ್ಜಿ ತೆಲುಗಿನಲ್ಲಿ ಮೇಕೆಯನ್ನು 'ಮ್ಯಾಕ' ಎಂದು ಕರೆಯುವಾಗ ಬರುವುದೂ ಆ ಸ್ವರವೇ.

ಕನ್ನಡದಿಂದ ಸಿಕ್ಕ ಲಾಭ ಎಲ್ಲಕ್ಕಿಂತ ದೊಡ್ಡದು. 'ಬೆಳೆ'ಗೂ 'ಬೇಳೆ'ಗೂ ಇರುವ ವ್ಯತ್ಯಾಸ ನಮಗೆ ಯಾರೂ ವಿವರಿಸಬೇಕಿಲ್ಲ. ಥಾಯ್‌ನಲ್ಲೂ ಹ್ರಸ್ವ-ದೀರ್ಘ ಬದಲಾದರೆ ಅರ್ಥವೇ ಬದಲು. 'ತಕ್' ಅಂದರೆ ಸೌಟಿನಲ್ಲಿ ಬಡಿಸಿಕೊಳ್ಳುವುದು, 'ತಾಕ್' ಅಂದರೆ ಬಿಸಿಲಿಗೆ ಒಣಹಾಕುವುದು. ಇಂಗ್ಲಿಷ್ ಅಕ್ಷರಗಳಲ್ಲಿ ಬೆಟ್ಟಕ್ಕೂ ಅನ್ನಕ್ಕೂ ಸಾಮಾನ್ಯವಾಗಿ ಒಂದೇ ಸ್ಪೆಲ್ಲಿಂಗ್ ಬರೆಯುತ್ತಾರೆ. ನನ್ನ ನೋಟ್ಸ್‌ನಲ್ಲಿ ಬೆಟ್ಟ 'ಖವ್', ಅನ್ನ 'ಖಾವ್'. ಹಾಗಾಗಿ ಯಾವ ಭಾಷೆ ಕಲಿತರೂ ಮೊದಲ ನೋಟ್ಸ್ ಕನ್ನಡದಲ್ಲೇ ಬರೆದುಕೊಳ್ಳಿ ಅನ್ನುತ್ತೇನೆ.

ಎಲ್ಲವೂ ಸಲೀಸಲ್ಲ. ಥಾಯ್‌ನಲ್ಲಿ ಧ್ವನಿಯ ಏರಿಳಿತ ಐದು ಬಗೆ. 'ಮಾ' ಎಂಬುದನ್ನು ಸಮವಾಗಿ ಎಳೆದರೆ 'ಬಾ', ದನಿ ಏರಿಸಿದರೆ 'ನಾಯಿ', ಮೇಲಿನ ದನಿಯಲ್ಲೇ ಹೇಳಿದರೆ 'ಕುದುರೆ'. ಇದಿನ್ನೂ ನನ್ನ ನಾಲಿಗೆಗೆ ಪಳಗಿಲ್ಲ. ಮುಂದಿನ ವಾರ ಇಂಟರ್‌ವ್ಯೂ. ಕೆಲಸ ಸಿಗುತ್ತದೋ ಇಲ್ಲವೋ ಕಾಣೆ. ಆದರೆ 'ಗೊತ್ತಿರುವ ಭಾಷೆಗಳು' ಎಂಬ ಕಾಲಂನಲ್ಲಿ ಇಷ್ಟು ದಿನ ಕನ್ನಡ, ಇಂಗ್ಲಿಷ್ ಅಂತಷ್ಟೇ ಬರೆಯುತ್ತಿದ್ದವಳು ಈ ಸಲ ತೆಲುಗು, ತಮಿಳನ್ನೂ ಸೇರಿಸಿದ್ದೇನೆ. ಕಂಸದಲ್ಲಿ, 'ಥಾಯ್: ಓದಲು ಬರುತ್ತದೆ, ನಿಧಾನವಾಗಿ'.