ಅಸ್ಥಿಪೆಟ್ಟಿಗೆಯೂ ವಿಶ್ವಾಸವೂ

ಪುನರುತ್ಥಾನದ ಹಬ್ಬ ಸಮೀಪಿಸಿತೆಂದರೆ ಯೇಸುವಿನ ಬಗೆಗೆ ಯಾವುದಾದರೊಂದು ಹೊಸ ಶೋಧದ ಸುದ್ದಿ ಕಾಣಿಸಿಕೊಳ್ಳುವುದು ಈಚಿನ ದಶಕಗಳಲ್ಲಿ ಒಂದು ವಾಡಿಕೆಯೇ ಆಗಿದೆ. ಅಂಥ ಸುದ್ದಿಗಳಲ್ಲೆಲ್ಲ ಬಹಳ ಸದ್ದುಮಾಡಿದ್ದು ೨೦೦೭ನೆಯ ಇಸವಿಯದು. ಆ ವರ್ಷದ ಫೆಬ್ರವರಿ ೨೬ರಂದು ನ್ಯೂಯಾರ್ಕ್ ನಗರದಲ್ಲಿ ಒಂದು ಪತ್ರಿಕಾಗೋಷ್ಠಿ ನಡೆಯಿತು. ಅಲ್ಲಿ ಸುಣ್ಣಕಲ್ಲಿನ ಎರಡು ಪುರಾತನ ಪೆಟ್ಟಿಗೆಗಳನ್ನು ಪ್ರದರ್ಶನಕ್ಕಿಟ್ಟಿದ್ದರು. ಅವುಗಳನ್ನು ಲೋಕಕ್ಕೆ ತೋರಿಸಿದವರು 'ಟೈಟಾನಿಕ್' ಚಿತ್ರದ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಮತ್ತು ಸಾಕ್ಷ್ಯಚಿತ್ರಕಾರ ಸಿಮ್ಖಾ ಜಾಕೊಬೊವಿಚಿ. ಜೆರೂಸಲೇಮಿನ ತಾಲ್ಪಿಯೋಟ್ ಬಡಾವಣೆಯಲ್ಲಿ ಸಿಕ್ಕ ಒಂದು ಸಮಾಧಿ ಯೇಸುವಿನ ಕುಟುಂಬದ್ದು. ಈ ಪೆಟ್ಟಿಗೆಗಳಲ್ಲಿ ಒಂದು ಯೇಸುವಿನದು, ಇನ್ನೊಂದು ಮಗ್ದಲದ ಮರಿಯಳದು. ಅವರಿಬ್ಬರೂ ದಂಪತಿಗಳಾಗಿದ್ದಿರಬಹುದು, ಅವರಿಗೊಬ್ಬ ಮಗನೂ ಇದ್ದಿರಬಹುದು. ಇದು ಅವರ ವಾದ. ಒಂದು ವಾರದೊಳಗೆ ಆ ಚಿತ್ರ ದೂರದರ್ಶನದ ಮೂಲಕ ಮನೆಮನೆಗಳನ್ನು ಮುಟ್ಟಿತು.

ಇಂಥ ಮಾತು ಕಿವಿಗೆ ಬಿದ್ದಾಗ ಕ್ರೈಸ್ತನಾದವನು ಏನು ಹೇಳಬೇಕು? ಸುಲಭವಾದ ಉತ್ತರಗಳು ಎರಡಿವೆ. ಮೊದಲನೆಯದು ಕೋಪ: ಇದು ನಮ್ಮ ಮತಕ್ಕೆ ಮಾಡಿದ ಅವಮಾನ, ಇದನ್ನು ನಿಷೇಧಿಸಬೇಕು ಎನ್ನುವುದು. ಎರಡನೆಯದು ಉದಾಸೀನ: ವಿಶ್ವಾಸದ ಕ್ಷೇತ್ರ ಬೇರೆ, ಮಣ್ಣು ಅಗೆಯುವವರ ಕ್ಷೇತ್ರ ಬೇರೆ, ಅವರು ಏನು ಬೇಕಾದರೂ ಅಗೆದು ತೆಗೆಯಲಿ, ನನ್ನ ಭಕ್ತಿಗೆ ಅದರಿಂದ ಕುಂದಿಲ್ಲ ಎನ್ನುವುದು. ಮೊದಲನೆಯದು ಅವಿವೇಕವೆಂಬುದನ್ನು ವಿವರಿಸಬೇಕಾಗಿಲ್ಲ. ಎರಡನೆಯದು ಮೇಲುನೋಟಕ್ಕೆ ಬಹಳ ಪ್ರೌಢವಾಗಿ ತೋರುತ್ತದೆ. ಆದರೆ ಕ್ರೈಸ್ತ ವಿಶ್ವಾಸದ ಸ್ವರೂಪವನ್ನು ಬಲ್ಲವನು ಆ ಮಾತನ್ನು ಆಡಲಾರ.

ಏಕೆಂದರೆ ಈ ವಿಶ್ವಾಸ ತನ್ನನ್ನು ಒಂದು ದೇಶಕ್ಕೆ, ಒಂದು ಕಾಲಕ್ಕೆ, ಒಂದು ಘಟನೆಗೆ ತಾನಾಗಿಯೇ ಕಟ್ಟಿಕೊಂಡಿದೆ. ಕ್ರೈಸ್ತ ದೇವಾಲಯಗಳಲ್ಲಿ ಪಠಿಸುವ ವಿಶ್ವಾಸಪ್ರಮಾಣದಲ್ಲಿ ರೋಮನ್ ಅಧಿಕಾರಿಯೊಬ್ಬನ ಹೆಸರು ಬರುತ್ತದೆ: ಪೊಂತ್ಯ ಪಿಲಾತ. ಅವನೇನು ಭಕ್ತನಲ್ಲ, ಸಂತನಲ್ಲ. ಆದರೂ ಅವನ ಹೆಸರು ಅಲ್ಲಿ ಏಕೆ ನಿಂತಿದೆ? ಇದು 'ಒಂದಾನೊಂದು ಕಾಲದಲ್ಲಿ' ಎಂಬ ಕಥೆಯಲ್ಲ, ಇಂಥವನ ಆಳಿಕೆಯಲ್ಲಿ ನಡೆದುದು ಎಂದು ಸಾರುವುದಕ್ಕೆ. ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಇನ್ನೂ ಮುಂದೆ ಹೋಗುತ್ತಾನೆ. ಕ್ರಿಸ್ತನ ಪುನರುತ್ಥಾನವೇ ನಡೆದಿಲ್ಲವಾದರೆ ತನ್ನ ಬೋಧನೆಯಲ್ಲಾಗಲಿ ಅವರ ನಂಬಿಕೆಯಲ್ಲಾಗಲಿ ಹುರುಳಿಲ್ಲವೆಂದು ಅವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಆದುದರಿಂದ ತಾಲ್ಪಿಯೋಟಿನ ಪೆಟ್ಟಿಗೆ ನಿಜವಾಗಿಯೂ ನಜರೇತಿನ ಯೇಸುವಿನದಾಗಿದ್ದರೆ, ಅದರಲ್ಲಿ ಅವನ ಮೂಳೆಗಳಿದ್ದುದು ನಿಜವಾದರೆ, ಸಭೆ ಎರಡು ಸಾವಿರ ವರ್ಷ ಸಾರಿಕೊಂಡು ಬಂದದ್ದು ಹಾಗೆಯೇ ನಿಲ್ಲುವುದಿಲ್ಲ. ಕ್ರೈಸ್ತನೊಬ್ಬನಾಗಿ ನಾನು ಇದನ್ನು ಮೊದಲೇ ಹೇಳಿಬಿಡಬೇಕು. ಪಣ ದೊಡ್ಡದು. ಪಣ ದೊಡ್ಡದಾದಾಗ ಸಾಕ್ಷ್ಯವನ್ನು ನಿಧಾನವಾಗಿ ತೂಗಬೇಕು.

ಮೊದಲು ಆ ಸಮಾಧಿಯ ವೃತ್ತಾಂತವನ್ನು ನೋಡೋಣ. ಅದು ೨೦೦೭ರಲ್ಲಿ ಸಿಕ್ಕಿದ್ದಲ್ಲ. ೧೯೮೦ರ ಮಾರ್ಚಿಯಲ್ಲಿ, ಮನೆಗಳನ್ನು ಕಟ್ಟುವುದಕ್ಕಾಗಿ ಬಂಡೆ ಸಿಡಿಸುತ್ತಿದ್ದಾಗ ಅದು ಬಾಯ್ದೆರೆದುಕೊಂಡಿತು. ಇಸ್ರೇಲಿನ ಪ್ರಾಚ್ಯವಸ್ತು ಇಲಾಖೆಯವರು ಬಂದು ಅಗೆದು, ಹತ್ತು ಅಸ್ಥಿಪೆಟ್ಟಿಗೆಗಳನ್ನು ತೆಗೆದರು. ಆ ಕಾಲದ ಜೆರೂಸಲೇಮಿನಲ್ಲಿ ಅನುಕೂಲಸ್ಥರು ಬಂಡೆಯಲ್ಲಿ ಕೊರೆದ ಗುಹೆಯಲ್ಲಿ ಶವವನ್ನಿಟ್ಟು, ವರ್ಷ ಕಳೆದು ಮಾಂಸ ಕರಗಿದ ಮೇಲೆ ಮೂಳೆಗಳನ್ನು ಆಯ್ದು ಇಂಥ ಪೆಟ್ಟಿಗೆಗಳಲ್ಲಿ ಇಡುತ್ತಿದ್ದರು. ಪೆಟ್ಟಿಗೆಯ ಉದ್ದ ತೊಡೆಯೆಲುಬಿನ ಉದ್ದಕ್ಕೆ ಸರಿಯಾಗಿರುತ್ತಿತ್ತು. ಈ ಪದ್ಧತಿ ಹೆಚ್ಚಾಗಿ ಬಳಕೆಯಲ್ಲಿದ್ದುದು ಕ್ರಿಸ್ತಪೂರ್ವ ಒಂದನೆಯ ಶತಮಾನದ ಕೊನೆಯಿಂದ, ರೋಮನರು ಜೆರೂಸಲೇಮನ್ನು ಹಾಳುಗೆಡವಿದ ಕ್ರಿ. ಶ. ೭೦ರ ವರೆಗೆ. ತಾಲ್ಪಿಯೋಟಿನ ಹತ್ತು ಪೆಟ್ಟಿಗೆಗಳಲ್ಲಿ ಆರರ ಮೇಲೆ ಹೆಸರುಗಳಿದ್ದುವು. ಮರಿಯ, ಯೋಸೆ, ಮತ್ಯ, ಯೇಶೂವನ ಮಗ ಯೆಹೂದ. ಗ್ರೀಕ್ ಲಿಪಿಯಲ್ಲಿ ಇನ್ನೊಬ್ಬ ಮರಿಯಳ ಹೆಸರು. ಮತ್ತು ಯೋಸೇಫನ ಮಗ ಯೇಶೂವ. ಯೇಶೂವ ಎಂಬುದೇ ಗ್ರೀಕ್ ಮೂಲಕ ಬಂದು ನಮ್ಮಲ್ಲಿ ಯೇಸು ಆಗಿದೆ. ಪೆಟ್ಟಿಗೆಯ ಮೇಲಿನ ಗೀರುಗಳು ಎಷ್ಟು ಒರಟಾಗಿವೆಯೆಂದರೆ, ೧೯೯೪ರಲ್ಲಿ ಅವುಗಳನ್ನು ಪಟ್ಟಿಮಾಡಿದ ರಹಮಾನಿ ಎಂಬ ವಿದ್ವಾಂಸರು ಯೇಶೂವ ಎಂಬ ಪಾಠದ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟಿದ್ದಾರೆ.

ಹೆಸರುಗಳನ್ನು ಕೇಳಿದೊಡನೆ ಮನಸ್ಸು ಹಾರುತ್ತದೆ, ನಿಜ. ಆದರೆ ಆ ಹೆಸರುಗಳು ಎಷ್ಟು ಸಾಮಾನ್ಯವಾಗಿದ್ದುವು ಎಂಬುದನ್ನು ಮೊದಲು ಕೇಳಬೇಕು. ತಾಲ್ ಇಲಾನ್ ಎಂಬ ವಿದುಷಿ ೨೦೦೨ರಲ್ಲಿ ಆ ಕಾಲದ ಯೆಹೂದ್ಯರ ನಾಮಕೋಶವೊಂದನ್ನು ಪ್ರಕಟಿಸಿದರು. ಅದನ್ನು ಆಧರಿಸಿ ರಿಚರ್ಡ್ ಬಾಕಮ್ ಎಂಬ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಅವರ ಎಣಿಕೆಯಂತೆ ೨,೬೨೫ ಪುರುಷರಲ್ಲಿ ೨೧೮ ಮಂದಿ ಯೋಸೇಫರು, ೯೯ ಮಂದಿ ಯೇಶೂವರು. ಹೆಸರು ತಿಳಿದಿರುವ ೩೨೮ ಸ್ತ್ರೀಯರಲ್ಲಿ ೭೦ ಮಂದಿ ಮರಿಯಳು. ಎಂದರೆ ಐವರಲ್ಲಿ ಒಬ್ಬಳಿಗಿಂತ ಹೆಚ್ಚು. ಜೆರೂಸಲೇಮಿನ ಬೀದಿಯಲ್ಲಿ 'ಮರಿಯಾ' ಎಂದು ಕೂಗಿದರೆ ಹಲವು ತಲೆಗಳು ತಿರುಗುತ್ತಿದ್ದುವು. ಅಷ್ಟೇ ಅಲ್ಲ, 'ಯೋಸೇಫನ ಮಗ ಯೇಶೂವ' ಎಂಬ ಬರಹವುಳ್ಳ ಬೇರೊಂದು ಪೆಟ್ಟಿಗೆಯನ್ನು ಪುರಾತತ್ತ್ವಜ್ಞ ಸುಕೇನಿಕ್ ೧೯೩೧ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಆಗಲೂ ಗದ್ದಲವಾಗಿ, ಆಮೇಲೆ ತಣ್ಣಗಾಗಿತ್ತು.

ಹೀಗಿರುವಲ್ಲಿ, ಈ ಸಮಾಧಿ ಯೇಸುವಿನ ಕುಟುಂಬದ್ದಾಗಿರುವ ಸಂಭವ ೬೦೦ಕ್ಕೆ ಒಂದರಷ್ಟು ಖಚಿತವೆಂದು ಚಿತ್ರದಲ್ಲಿ ಹೇಳಿದ ಗಣಿತ ಎಲ್ಲಿಂದ ಬಂತು? ಟೊರಾಂಟೊದ ಸಂಖ್ಯಾಶಾಸ್ತ್ರಜ್ಞರೊಬ್ಬರು ಲೆಕ್ಕವನ್ನೇನೋ ಶಾಸ್ತ್ರೀಯವಾಗಿಯೇ ಮಾಡಿದರು. ಆದರೆ ಲೆಕ್ಕಕ್ಕೆ ಆಧಾರವಾಗಿ ಅವರ ಕೈಗೆ ಕೊಟ್ಟ ಊಹೆಗಳಿದ್ದುವು. ಗ್ರೀಕ್ ಲಿಪಿಯ ಹೆಸರು ಮಗ್ದಲದ ಮರಿಯಳದೇ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಆ ಗುರುತಿಗೆ ಆಧಾರ ನಾಲ್ಕನೆಯ ಶತಮಾನದ ಒಂದು ಕಥಾಗ್ರಂಥ. ಅದೇ ಬರಹವನ್ನು ಲಿಪಿತಜ್ಞ ಸ್ಟೀಫನ್ ಫಾನ್ ಎರಡು ಬೇರೆ ಕೈಗಳು ಬರೆದ 'ಮರಿಯಮೆ ಮತ್ತು ಮಾರಾ' ಎಂಬ ಇಬ್ಬರು ಹೆಂಗಸರ ಹೆಸರುಗಳೆಂದು ಓದಿದ್ದಾರೆ. ಆ ಪಾಠವನ್ನು ಒಪ್ಪಿದರೆ ಲೆಕ್ಕದ ಕಂಬವೇ ಕುಸಿಯುತ್ತದೆ. ಬೀಜ ಸಂದಿಗ್ಧವಾದರೆ ಫಲ ಖಚಿತವಾಗಲಾರದು.

ಇನ್ನು ವಂಶವಾಹಿಯ ಪರೀಕ್ಷೆ. ಮೂಳೆಗಳನ್ನು ಅಲ್ಲಿಯ ಪದ್ಧತಿಯಂತೆ ಧರ್ಮಾಧಿಕಾರಿಗಳಿಗೆ ಒಪ್ಪಿಸಿ ಮತ್ತೆ ಹೂಳಿದ್ದರು. ಪೆಟ್ಟಿಗೆಯ ತಳದಲ್ಲಿ ಉಳಿದ ಚೂರುಗಳಿಂದ ಕೆನಡಾದ ಒಂದು ಪ್ರಯೋಗಾಲಯ ಕಂಡುಕೊಂಡದ್ದು ಇಷ್ಟೇ: ಎರಡು ಪೆಟ್ಟಿಗೆಗಳವರು ಒಬ್ಬಳೇ ತಾಯಿಯ ಬಳ್ಳಿಗೆ ಸೇರಿದವರಲ್ಲ. ಆದುದರಿಂದ ಅವರು ಗಂಡಹೆಂಡಿರೇ ಇರಬೇಕೆಂದು ಚಿತ್ರ ತೀರ್ಮಾನಿಸಿತು. ಆದರೆ ಮಾವ ಸೊಸೆಯರ ನಡುವೆಯೂ ಅಂಥ ಬಳ್ಳಿ ಇರುವುದಿಲ್ಲ; ಅತ್ತಿಗೆ ಮೈದುನರ ನಡುವೆಯೂ ಇರುವುದಿಲ್ಲ; ತಂದೆಯೊಬ್ಬ, ತಾಯಂದಿರು ಬೇರೆಯಾದ ಅಣ್ಣತಂಗಿಯರ ನಡುವೆಯೂ ಇರುವುದಿಲ್ಲ. ಆ ಗುಹೆಯಲ್ಲಿ ತಲೆಮಾರುಗಳುದ್ದಕ್ಕೂ ಸುಮಾರು ೩೫ ಮಂದಿಯನ್ನು ಇಟ್ಟಿರಬಹುದೆಂದು ಉತ್ಖನನದ ವರದಿಯನ್ನು ೧೯೯೬ರಲ್ಲಿ ಪ್ರಕಟಿಸಿದ ಆಮೋಸ್ ಕ್ಲೋನರ್ ಅಂದಾಜು ಮಾಡಿದ್ದಾರೆ. ಅಷ್ಟು ಜನರಲ್ಲಿ ಇಬ್ಬರನ್ನು ಆರಿಸಿ ಮದುವೆಮಾಡಿಸುವುದು ವಿಜ್ಞಾನದ ಕೆಲಸವಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ವಾದವನ್ನು ಮೊದಲು ತಳ್ಳಿಹಾಕಿದವರು ಪಾದ್ರಿಗಳಲ್ಲ. ಕ್ಲೋನರ್ ಇಸ್ರೇಲಿನ ಪುರಾತತ್ತ್ವಜ್ಞರು. ಯೇಸುವಿನ ಪುನರುತ್ಥಾನವನ್ನು ಕಾಪಾಡುವ ಹೊಣೆ ಅವರದಲ್ಲ. ಅಮೆರಿಕದ ಪುರಾತತ್ತ್ವಜ್ಞೆ ಜೋಡಿ ಮ್ಯಾಗ್ನೆಸ್ ಎತ್ತಿದ ಆಕ್ಷೇಪವೂ ಶುದ್ಧ ಪುರಾತತ್ತ್ವದ್ದೇ: ಬಂಡೆಯ ಸಮಾಧಿ ಉಳ್ಳವರದು, ಗಲಿಲಾಯದ ಒಂದು ಬಡ ಕುಟುಂಬಕ್ಕೆ ಜೆರೂಸಲೇಮಿನಲ್ಲಿ ಅಂಥದು ಎಲ್ಲಿಂದ ಬಂತು? ಹೊರನಾಡಿನವರಾಗಿದ್ದರೆ ಊರಿನ ಹೆಸರನ್ನಾದರೂ ಬರೆಯುತ್ತಿದ್ದರಲ್ಲವೆ? ಆದುದರಿಂದ ಕ್ರೈಸ್ತನು ತನಗಾಗಿ ಬೇರೊಂದು ತರ್ಕಶಾಸ್ತ್ರವನ್ನು ಹೊಸೆಯಬೇಕಾಗಿಲ್ಲ. ಎಲ್ಲರಿಗೂ ಸಾಮಾನ್ಯವಾದ ತಕ್ಕಡಿಯೇ ಅವನಿಗೂ ಸಾಕು.

ಆದರೆ ಆ ತಕ್ಕಡಿಯನ್ನು ಒಪ್ಪಿಕೊಂಡ ಮೇಲೆ ಅದರಲ್ಲಿ ತನಗೆ ಪ್ರಿಯವಾದುದನ್ನೂ ಇಟ್ಟು ತೂಗಬೇಕು. ನಿಜವಾದ ಪರೀಕ್ಷೆ ಇರುವುದು ಇಲ್ಲಿ. ತಾಲ್ಪಿಯೋಟಿನ ಗದ್ದಲಕ್ಕೆ ಐದು ವರ್ಷ ಮೊದಲು, ೨೦೦೨ರ ಅಕ್ಟೋಬರಿನಲ್ಲಿ, ಇನ್ನೊಂದು ಅಸ್ಥಿಪೆಟ್ಟಿಗೆಯ ಸುದ್ದಿ ಹೊರಬಿದ್ದಿತ್ತು. ಅದರ ಮೇಲೆ 'ಯೋಸೇಫನ ಮಗ, ಯೇಶೂವನ ಸಹೋದರ ಯಾಕೋಬ' ಎಂದು ಬರೆದಿತ್ತು. ಕಲ್ಲಿನ ಮೇಲೆ ಯೇಸುವಿನ ಹೆಸರಿನ ಮೊತ್ತಮೊದಲ ಸಾಕ್ಷ್ಯವೆಂದು ಅನೇಕ ಕ್ರೈಸ್ತರು ಹಿಗ್ಗಿದರು. ಟೊರಾಂಟೊದ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಲು ಜನ ಮುಗಿಬಿದ್ದರು. ಆದರೆ ಆ ಪೆಟ್ಟಿಗೆ ಉತ್ಖನನದಲ್ಲಿ ಸಿಕ್ಕಿದ್ದಲ್ಲ. ಹಳೆಯ ವಸ್ತುಗಳ ಸಂಗ್ರಾಹಕರೊಬ್ಬರ ಬಳಿ ಇದ್ದದ್ದು. ೨೦೦೩ರಲ್ಲಿ ಇಸ್ರೇಲಿನ ಪ್ರಾಚ್ಯವಸ್ತು ಪ್ರಾಧಿಕಾರದ ಸಮಿತಿ, ಪೆಟ್ಟಿಗೆ ಹಳೆಯದಾದರೂ ಬರಹ ಕೃತಕವೆಂದು ಹೇಳಿತು. ನಮ್ಮ ಶಾಸನತಜ್ಞರ ಮಾತಿನಲ್ಲಿ ಹೇಳುವುದಾದರೆ ಅದು ಕೂಟಶಾಸನ. ಮೊಕದ್ದಮೆ ವರ್ಷಗಟ್ಟಲೆ ನಡೆದು, ೨೦೧೨ರಲ್ಲಿ ಸಂಗ್ರಾಹಕರು ಕೂಟರಚನೆಯ ಆರೋಪದಿಂದ ಬಿಡುಗಡೆ ಹೊಂದಿದರು. ಆದರೆ ಅದರಿಂದ ಬರಹ ನಿಜವೆಂದು ಸಿದ್ಧವಾಗಲಿಲ್ಲವೆಂದು ನ್ಯಾಯಾಧೀಶರು ಸ್ಪಷ್ಟಪಡಿಸಿದರು. ಎಲ್ಲಿ ಸಿಕ್ಕಿತೆಂಬುದೇ ತಿಳಿಯದ ಕಲ್ಲಿನ ಮೇಲೆ ಯಾರೂ ಮನೆ ಕಟ್ಟಬಾರದು, ವಿಶ್ವಾಸಿಯೂ ಕಟ್ಟಬಾರದು.

ಯೆರಿಕೋವಿನ ವಿಷಯವೂ ಹಾಗೆಯೇ. ೧೯೩೦ರ ದಶಕದಲ್ಲಿ ಅಲ್ಲಿ ಅಗೆದ ಜಾನ್ ಗಾರ್ಸ್ಟಾಂಗ್, ಯೆಹೋಶುವನ ಕಾಲದಲ್ಲಿ ಬಿದ್ದ ಗೋಡೆಗಳು ಇವೇ ಎಂದರು. ಆ ಮಾತು ಎಷ್ಟೋ ಪ್ರಸಂಗಗಳಲ್ಲಿ ಸೇರಿಕೊಂಡಿತು. ೧೯೫೨ರಿಂದ ೧೯೫೮ರ ವರೆಗೆ ಮತ್ತೆ ಅಗೆದ ಕ್ಯಾಥಲೀನ್ ಕೆನ್ಯನ್, ಆ ಗೋಡೆಗಳು ಅದಕ್ಕಿಂತ ಸಾವಿರಕ್ಕೆ ಸಮೀಪ ವರ್ಷ ಹಳೆಯವು ಎಂದು ತೋರಿಸಿದರು. ಆಕೆಯೇನು ಬೈಬಲಿಗೆ ಹೊರಗಿನವರಲ್ಲ. ಬೈಬಲಿನ ಹಸ್ತಪ್ರತಿಗಳ ಮಹಾವಿದ್ವಾಂಸ ಫ್ರೆಡರಿಕ್ ಕೆನ್ಯನ್ ಅವರ ಮಗಳು. ಗೋಡೆಯನ್ನು ಕಳೆದುಕೊಂಡದ್ದು ವಿಶ್ವಾಸಿಗೆ ನೋವೇ ಸರಿ. ಆದರೆ ತಾಲ್ಪಿಯೋಟಿನಲ್ಲಿ ಕ್ಲೋನರರ ಸಾಕ್ಷ್ಯವನ್ನು ಎತ್ತಿಹಿಡಿದು, ಯೆರಿಕೋವಿನಲ್ಲಿ ಕೆನ್ಯನರ ಸಾಕ್ಷ್ಯಕ್ಕೆ ಕಿವಿ ಮುಚ್ಚಿಕೊಳ್ಳುವವನ ಮಾತನ್ನು ಯಾರು ನಂಬಿಯಾರು?

ಕಾಯುವುದರ ಬೆಲೆ ಏನೆಂಬುದಕ್ಕೆ ಇನ್ನೊಂದು ನಿದರ್ಶನ. ೨೦೧೨ರ ಸೆಪ್ಟೆಂಬರಿನಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕಿ ಕರೆನ್ ಕಿಂಗ್, ಯೇಸು 'ನನ್ನ ಹೆಂಡತಿ' ಎಂದು ನುಡಿಯುವ ಕೋಪ್ಟಿಕ್ ಭಾಷೆಯ ಪಪೈರಸ್ ತುಣುಕೊಂದನ್ನು ರೋಮಿನಲ್ಲಿ ಪ್ರಕಟಪಡಿಸಿದರು. ಯೇಸುವಿಗೆ ಮದುವೆಯಾಗಿತ್ತೆಂಬುದಕ್ಕೆ ಇದು ಪ್ರಮಾಣವಲ್ಲವೆಂದು ಅವರೇ ಹೇಳಿದ್ದರೂ ಸುದ್ದಿಗೆ ಅಷ್ಟು ವ್ಯವಧಾನವೆಲ್ಲಿ? ಪಪೈರಸ್ ಹಳೆಯದೆಂದು ಪರೀಕ್ಷೆಗಳು ಹೇಳಿದುವು. ಬರಹ ಹಳೆಯದಲ್ಲವೆಂದು ಹೇಳಿದವರು ಭಾಷೆ ಬಲ್ಲವರು. ಅದರ ಜೊತೆಯಲ್ಲೇ ಬಂದ, ಅದೇ ಕೈಬರಹದಂತೆ ಕಾಣುವ ಇನ್ನೊಂದು ತುಣುಕು, ೧೯೨೪ರಲ್ಲಿ ಅಚ್ಚಾದ ಯೋಹಾನನ ಸುವಾರ್ತೆಯ ಕೋಪ್ಟಿಕ್ ಪ್ರತಿಯೊಂದನ್ನು ಸಾಲುಗಳು ಮುರಿಯುವ ಸ್ಥಳವೂ ಸೇರಿದಂತೆ ಅನುಸರಿಸಿದ್ದಿತು. ೨೦೧೬ರಲ್ಲಿ ಪತ್ರಕರ್ತರೊಬ್ಬರು ಅದರ ಒಡೆತನದ ಜಾಡನ್ನು ಹಿಡಿದು ಹೋದ ಮೇಲೆ, ಅದು ಕೃತಕವಾಗಿರುವುದೇ ಹೆಚ್ಚು ಸಂಭವವೆಂದು ಕಿಂಗ್ ಸಹ ಒಪ್ಪಿಕೊಂಡರು. ಗದ್ದಲ ಎದ್ದದ್ದು ಒಂದು ದಿನದಲ್ಲಿ. ಸತ್ಯ ತಿಳಿದದ್ದು ನಾಲ್ಕು ವರ್ಷಗಳಲ್ಲಿ.

ಹಾಗಾದರೆ ಮಣ್ಣು ವಿಶ್ವಾಸಿಗೆ ಏನನ್ನೂ ಕೊಡುವುದಿಲ್ಲವೆ? ಕೊಡುತ್ತದೆ. ೧೯೬೧ರಲ್ಲಿ ಸಮುದ್ರತೀರದ ಕೈಸರೈಯದಲ್ಲಿ ಪಿಲಾತನ ಹೆಸರಿರುವ ಕಲ್ಲು ಸಿಕ್ಕಿತು. ೧೯೬೮ರಲ್ಲಿ ಜೆರೂಸಲೇಮಿನ ಒಂದು ಅಸ್ಥಿಪೆಟ್ಟಿಗೆಯಲ್ಲಿ ಕಬ್ಬಿಣದ ಮೊಳೆ ಇನ್ನೂ ನಾಟಿಕೊಂಡಿದ್ದ ಹಿಮ್ಮಡಿಯ ಮೂಳೆ ದೊರೆಯಿತು. ಶಿಲುಬೆಗೇರಿಸಿದವನೊಬ್ಬನಿಗೂ ತನ್ನವರ ಸಮಾಧಿಯಲ್ಲಿ ಗೌರವದ ಸಂಸ್ಕಾರ ದೊರೆಯಬಹುದಾಗಿತ್ತೆಂದು ಅದರಿಂದ ತಿಳಿಯಿತು. ಇವೆಲ್ಲ ಸುವಾರ್ತೆಗಳು ಚಿತ್ರಿಸುವ ಲೋಕವನ್ನು ನಮ್ಮ ಕಣ್ಣೆದುರಿಗೆ ತರುತ್ತವೆ. ಆದರೆ ಮೂರನೆಯ ದಿನ ಬೆಳಗಿನಲ್ಲಿ ಏನು ನಡೆಯಿತೆಂಬುದನ್ನು ಹೇಳಲಾರವು. ತುಂಬಿದ ಸಮಾಧಿ ಮಾತಾಡೀತು. ಬರಿದಾದ ಸಮಾಧಿ ಮಾತಾಡುವುದಿಲ್ಲ. ಜಗತ್ತಿನಲ್ಲಿ ಬರಿಯ ಗುಹೆಗಳು ಬೇಕಾದಷ್ಟಿವೆ. ಆದುದರಿಂದ ಪುರಾತತ್ತ್ವ ಕ್ರೈಸ್ತ ವಿಶ್ವಾಸವನ್ನು ಗಾಯಗೊಳಿಸಬಲ್ಲುದೇ ಹೊರತು ಸಾಧಿಸಿಕೊಡಲಾರದು. ಈ ಅಸಮತೆಯನ್ನು ಒಪ್ಪಿಕೊಂಡೇ ವಿಶ್ವಾಸಿ ಬಾಳಬೇಕಾಗಿದೆ. ಅವನ ವಿಶ್ವಾಸ ಮೊದಲಿನಿಂದಲೂ ನಿಂತಿರುವುದು, ನಾವು ಕಂಡೆವೆಂದು ಹೇಳಿ ಆ ಮಾತಿಗಾಗಿ ಕಷ್ಟಪಟ್ಟವರ ಸಾಕ್ಷ್ಯದ ಮೇಲೆ, ಕಲ್ಲುಗಳ ಮೇಲಲ್ಲ.

ಮುಂದಿನ ಹಬ್ಬದ ಹೊತ್ತಿಗೆ ಇನ್ನೊಂದು ಪೆಟ್ಟಿಗೆ, ಇನ್ನೊಂದು ತುಣುಕು ಬಂದರೂ ಆಶ್ಚರ್ಯವಿಲ್ಲ. ಆಗ ಕೇಳಬೇಕಾದ ಪ್ರಶ್ನೆಗಳು ಕೆಲವೇ. ವಸ್ತು ಎಲ್ಲಿ ಸಿಕ್ಕಿತು, ಯಾರು ಅಗೆದರು? ಮೊದಲು ಪ್ರಕಟವಾದದ್ದು ವಿದ್ವಾಂಸರ ಮುಂದೆಯೋ ಕ್ಯಾಮೆರಾದ ಮುಂದೆಯೋ? ಕಂಡದ್ದೆಷ್ಟು, ಊಹಿಸಿದ್ದೆಷ್ಟು? ಈ ಸುದ್ದಿ ನನಗೆ ಅನುಕೂಲವಾಗಿದ್ದರೆ, ಅಥವಾ ಪ್ರತಿಕೂಲವಾಗಿದ್ದರೆ, ಇದೇ ಪ್ರಶ್ನೆಗಳನ್ನು ಇದೇ ದನಿಯಲ್ಲಿ ಕೇಳುತ್ತಿದ್ದೆನೆ? ಈ ಕೊನೆಯ ಪ್ರಶ್ನೆ ಕಠಿಣವಾದದ್ದು. ಸತ್ಯವೇ ದೇವರೆಂದು ನಂಬಿದವನಿಗೆ ಸತ್ಯಶೋಧನೆಯ ಹಾರೆಗುದ್ದಲಿಗಳ ಸದ್ದು ಕೇಳಿ ಬಾಗಿಲು ಹಾಕಿಕೊಳ್ಳುವ ಕಾರಣವಿಲ್ಲ. ಅವನು ಬಾಗಿಲು ತೆರೆದಿಟ್ಟು, ತಕ್ಕಡಿಯ ಮುಳ್ಳು ನಿಲ್ಲುವ ತನಕ ಕಾಯಬಲ್ಲ.