ನೈಜೀರಿಯದ ತರುಣಿಯರ ಉಡಿಗೆ ತೊಡಿಗೆ

ಪಶ್ಚಿಮ ಆಫ್ರಿಕದ ಕಡಲಂಚಿನಲ್ಲಿರುವ ನೈಜೀರಿಯವು ೧೯೬೦ನೆಯ ಇಸವಿ ಅಕ್ಟೋಬರ್ ೧ರಂದು ಸ್ವತಂತ್ರವಾಯಿತು. ಯೊರುಬಾ, ಇಗ್ಬೊ, ಹೌಸಾ ಮೊದಲಾದ ನೂರಾರು ನುಡಿಗಳನ್ನಾಡುವ ಜನರು ಅಲ್ಲಿ ನೆಲಸಿರುವರು. ಆ ದೇಶದ ತರುಣಿಯರ ಚಿತ್ರಗಳನ್ನು ಕಂಡವರ ಕಣ್ಣಿಗೆ ಮೊದಲು ಬೀಳುವುದು ಬಣ್ಣ. ಇದು ಬರಿಯ ಶೋಕಿಯಲ್ಲವೆ ಎಂದು ನಾವೂ ಒಮ್ಮೆ ಎಣಿಸಿದ್ದುಂಟು. ವಿಷಯವನ್ನು ಓದಿ ತಿಳಿದ ಮೇಲೆ ಆ ಎಣಿಕೆಯನ್ನು ತಿದ್ದಿಕೊಳ್ಳಬೇಕಾಯಿತು. ತಾವು ಯಾವ ಸೀಮೆಯವರು, ಯಾರ ಮನೆಯವರು, ತಮ್ಮ ಮನಸ್ಸಿನಲ್ಲೇನಿದೆ ಎಂಬುದನ್ನು ಅಲ್ಲಿಯ ಹೆಣ್ಣುಮಕ್ಕಳು ಬಟ್ಟೆಯ ಮೂಲಕವೂ ಹೇಳುತ್ತಾರೆ.

ಯೊರುಬಾ ಸೀಮೆಯ ಅಬೆಯೊಕುಟಾ ಪಟ್ಟಣವು ‘ಆದಿರೆ’ ಎಂಬ ನೀಲಿ ಬಟ್ಟೆಗೆ ಹೆಸರಾದುದು. ಕಟ್ಟಿ ಬಣ್ಣದಲ್ಲಿ ಅದ್ದಿದ್ದು ಎಂದೇ ಆ ಪದದ ಅರ್ಥ. ಉತ್ತರದ ಕಾನೋ ನಗರದಲ್ಲಿ ನೀಲಿಯ ಗುಂಡಿಗಳಲ್ಲಿ ದುಡಿಯುವವರು ಗಂಡಸರು; ಯೊರುಬಾ ಸೀಮೆಯಲ್ಲಾದರೋ ಈ ವಿದ್ಯೆ ತಾಯಿಯಿಂದ ಮಗಳಿಗೆ ಬಂದುದು. ಒಂದು ಬಗೆಯಲ್ಲಿ ಬಟ್ಟೆಯನ್ನು ನಾರಿನಿಂದ ಬಿಗಿದು ಕಟ್ಟುತ್ತಾರೆ. ಇನ್ನೊಂದರಲ್ಲಿ ಮರಗೆಣಸಿನ ಗಂಜಿಯನ್ನು ಕೋಳಿಯ ಗರಿಯಿಂದ ಹಚ್ಚಿ ಚಿತ್ರ ಬರೆಯುತ್ತಾರೆ. ಗಂಜಿ ಮೆತ್ತಿದ ಕಡೆ ನೀಲಿ ಹಿಡಿಯದು. ನೀಲಿಯ ಎಲೆಗಳನ್ನು ಕುಟ್ಟಿ ಉಂಡೆಮಾಡಿ ಒಣಗಿಸಿ, ಬೂದಿಯ ತಿಳಿನೀರಿನಲ್ಲಿ ದಿನಗಟ್ಟಲೆ ಕೊಳೆಯಿಸಿದರೆ ಬಣ್ಣ ಸಿದ್ಧವಾಗುವುದು. ಮಡಕೆಯಿಂದ ಮೇಲೆತ್ತಿದ ಬಟ್ಟೆ ಮೊದಲು ಹಸುರಾಗಿರುತ್ತದೆ; ಗಾಳಿ ತಗುಲಿದೊಡನೆ ಕಣ್ಣೆದುರಿನಲ್ಲೇ ನೀಲಿಗೆ ತಿರುಗುತ್ತದೆ. ವಿಜ್ಞಾನ ಕಲಿಯುವ ಮಕ್ಕಳು ಇದರ ಕಾರಣವನ್ನು ಉಪಾಧ್ಯಾಯರಲ್ಲಿ ಕೇಳಬೇಕು. ಗಾಳಿಯಲ್ಲಿರುವ ಆಮ್ಲಜನಕದ ಕೆಲಸವದು. ಚಿತ್ರಗಳಿಗೂ ಹೆಸರುಂಟು. ‘ಇಬಾದಾನ್ ದುನ್’ ಎಂದರೆ ‘ಇಬಾದಾನ್ ಸೊಗಸು’; ಅದರಲ್ಲಿ ಆ ನಗರದ ಮಾಪೊ ಸಭಾಭವನದ ಕಂಬಗಳನ್ನು ಬರೆದಿರುತ್ತಾರೆ. ಅದನ್ನುಟ್ಟವಳು ಊರಿನ ಅಭಿಮಾನವನ್ನೇ ಹೊದ್ದಂತೆ.

ಇದೇ ಅಬೆಯೊಕುಟಾದಲ್ಲಿ ಫುನ್ಮಿಲಾಯೊ ರಾನ್ಸಮ್ ಕುಟಿ ಎಂಬ ಉಪಾಧ್ಯಾಯಿನಿ ಇದ್ದರು. ಇಂಗ್ಲೆಂಡಿನಲ್ಲಿ ಓದಿ ಬಂದವರು. ಸಂತೆಯ ಹೆಂಗಸರ ಮೇಲೆ ಹೇರಿದ ತೆರಿಗೆಯನ್ನು ಎದುರಿಸಿ ೧೯೪೦ರ ದಶಕದಲ್ಲಿ ಚಳವಳಿ ನಡೆಸಿದಾಗ, ಅವರು ಪರದೇಶದ ಗೌನನ್ನು ಬಿಟ್ಟು ಸಂತೆಯ ಹೆಂಗಸರಂತೆಯೇ ಯೊರುಬಾ ಬಟ್ಟೆಯುಟ್ಟರು. ಆಂಗ್ಲ ಅಧಿಕಾರಿಗಳೊಡನೆಯೂ ಯೊರುಬಾ ಭಾಷೆಯಲ್ಲಿಯೇ ಮಾತನಾಡಿದರು. ಅರ್ಥವಾಗದಿದ್ದರೆ ಅವರೇ ದುಭಾಷಿಯನ್ನು ಹುಡುಕಿಕೊಳ್ಳಲಿ ಎಂಬ ಗಟ್ಟಿತನ! ೧೯೪೯ರಲ್ಲಿ ಅಲ್ಲಿಯ ಅರಸನು ಕೆಲಕಾಲ ಗದ್ದುಗೆ ಬಿಟ್ಟು ಹೋಗಬೇಕಾಯಿತು.

ಇಂದಿನ ತರುಣಿಯರು ಅಜ್ಜಿಯ ಬಟ್ಟೆಯನ್ನು ಅಜ್ಜಿಯಂತೆಯೇ ಉಡುವವರಲ್ಲ. ಆದಿರೆಗೆ ಈಗ ಹಳದಿ, ಕೆಂಪು, ನೇರಿಳೆ ಬಣ್ಣಗಳೂ ಬಂದಿವೆ. ಅಮಾಕಾ ಒಸಾಕ್ವೆ ೨೦೧೦ರಲ್ಲಿ ಆರಂಭಿಸಿದ ‘ಮಾಕಿ ಓ’ ಸಂಸ್ಥೆ ಅದನ್ನು ಹೊಸ ಬಗೆಯ ಉಡುಪುಗಳಾಗಿ ಹೊಲಿಸಿತು. ಕಾದಂಬರಿಗಾರ್ತಿ ಚಿಮಾಮಾಂಡಾ ಅಡಿಚಿಯವರು ೨೦೧೭ರಲ್ಲಿ, ಸಭೆಗಳಿಗೆ ಹೋಗುವಾಗ ಹೆಚ್ಚಾಗಿ ಸ್ವದೇಶದ ಉಡುಪನ್ನೇ ತೊಡುವುದಾಗಿ ಸಾರಿದರು.

ಮದುವೆಗಳಲ್ಲಿ ‘ಅಶೊ ಎಬಿ’ ಎಂಬ ಪದ್ಧತಿಯಿದೆ. ಕುಟುಂಬದ ಬಟ್ಟೆ ಎಂದರ್ಥ. ಬಂಧುಗಳೂ ಗೆಳತಿಯರೂ ಒಂದೇ ಬಟ್ಟೆಯನ್ನು ಕೊಳ್ಳಬೇಕು. ಹಣವಿಲ್ಲದವರಿಗೆ ಇದು ಹೊರೆಯೆಂಬ ದೂರು ಅಲ್ಲಿಯೂ ಇದೆ; ನ್ಯಾಯವಾದ ದೂರೇ ಸರಿ. ಆದರೆ ತರುಣಿಯರ ಜಾಣತನವನ್ನು ನೋಡಿರಿ: ಬಟ್ಟೆ ಒಂದೇ ಆದರೂ ಹೊಲಿಗೆ ಒಬ್ಬೊಬ್ಬಳದು ಒಂದೊಂದು. ತಲೆಗೆ ಸುತ್ತುವ ‘ಗೆಲೆ’ಯ ಮಡಿಕೆಯೂ ಹಾಗೆಯೇ.

ಕೇಶದ ಮಾತನ್ನು ಹೇಳದೆ ಬಿಡಲಾಗದು. ಒಜೆಯಿಕೆರೆ ಎಂಬ ಛಾಯಾಗ್ರಾಹಕರು ೧೯೬೮ರಿಂದ ಸುಮಾರು ಒಂದು ಸಾವಿರ ಬಗೆಯ ಜಡೆ, ತುರುಬುಗಳ ಚಿತ್ರ ತೆಗೆದರು. ಅನೇಕ ಶಾಲೆಗಳಲ್ಲಿ ಮಾತ್ರ ಹುಡುಗಿಯರು ಗೊತ್ತುಪಡಿಸಿದ ರೀತಿಯಲ್ಲಿಯೇ ಹೆಣೆದುಕೊಂಡು ಬರಬೇಕು. ಮುಖ್ಯೋಪಾಧ್ಯಾಯರೆಲ್ಲ ಎಲ್ಲೆಡೆಯೂ ಒಂದೇ ಜಾತಿಯವರೆಂದು ತೋರುತ್ತದೆ!

ನಮ್ಮ ದಕ್ಷಿಣದೇಶಕ್ಕೂ ಇದರಲ್ಲಿ ಒಂದು ಪಾಲುಂಟು. ಮದರಾಸಿನ ಕಡೆಯ ಚೌಕಳಿ ಬಟ್ಟೆ ಬಹುಕಾಲದಿಂದ ನೈಜರ್ ನದಿಯ ಮುಖಜಭೂಮಿಗೆ ಹಡಗಿನಲ್ಲಿ ಹೋಗುತ್ತಿತ್ತು. ಅಲ್ಲಿಯ ಕಲಬರಿ ಜನಾಂಗದ ಹೆಂಗಸರು ಅದನ್ನು ಬಂದಂತೆಯೇ ಉಡಲಿಲ್ಲ. ಹರಿತವಾದ ಅಲಗಿನಿಂದ ಕೆಲವು ಎಳೆಗಳನ್ನು ಕತ್ತರಿಸಿ, ಒಂದೊಂದಾಗಿ ಎಳೆದು ತೆಗೆದು, ಹೊಸ ಚಿತ್ತಾರವನ್ನು ಹೊರಡಿಸಿದರು. ‘ಪೆಲೆಟೆ ಬಿಟೆ’, ಎಂದರೆ ಕತ್ತರಿಸಿದ ಬಟ್ಟೆ, ಎಂದು ಅದಕ್ಕೆ ಹೆಸರು. ನೇದವರು ನಮ್ಮವರು, ಬಟ್ಟೆ ಅವರದಾಯಿತು.

ಈಗ ಅಬೆಯೊಕುಟಾದ ಸಂತೆಗೆ ಚೀನಾ ದೇಶದ ಯಂತ್ರಗಳಲ್ಲಿ ಅಚ್ಚಾದ ಹುಸಿ ಆದಿರೆ ಅಗ್ಗವಾಗಿ ಬರುತ್ತಿದೆ. ಮಡಕೆಯ ಮುಂದೆ ಕುಳಿತು ಕೈ ನೀಲಿಮಾಡಿಕೊಂಡವಳ ಅನ್ನಕ್ಕೆ ಇದರಿಂದ ಸಂಚಕಾರ. ಕಡಮೆ ಹಣವುಳ್ಳ ತರುಣಿ ಯಾವುದನ್ನು ಕೊಳ್ಳುವಳು? ತಿಳಿದವಳು ಬಟ್ಟೆಯನ್ನು ಮಗುಚಿ ನೋಡುತ್ತಾಳೆ. ಮಡಕೆಯಲ್ಲಿ ಅದ್ದಿದ್ದಕ್ಕೆ ಬಣ್ಣ ಎರಡು ಮಗ್ಗುಲಿಗೂ ಇಳಿದಿರುತ್ತದೆ. ಅಚ್ಚಿನದಕ್ಕೆ ಬೆನ್ನು ಸಾಮಾನ್ಯವಾಗಿ ಬಿಳಚಿಕೊಂಡಿರುತ್ತದೆ.