ಬಯಲುಸೀಮೆಯ ಮನೆಯಲ್ಲಿ ಕಡಲನೀರಿನ ತೊಟ್ಟಿ

ಪಶ್ಚಿಮ ಸಮುದ್ರದ ತೀರದಿಂದ ಸುಮಾರು 300 ಕಿಲೋಮೀಟರುಗಳಷ್ಟು ಒಳನಾಡಿನಲ್ಲಿ, ಕೃಷ್ಣಾ ತುಂಗಭದ್ರೆಯರ ನಡುವಣ ನೆಲದಲ್ಲಿ, ಚಿನ್ನದ ಗಣಿಯನ್ನೇ ಆಶ್ರಯಿಸಿ ಬೆಳೆದ ಹಟ್ಟಿಯಂಥ ಊರಿನಲ್ಲಿ ಕಡಲಮೀನುಗಳನ್ನು ಮನೆಯೊಳಗೆ ಸಾಕುವ ವಿಚಾರವನ್ನೆತ್ತಿದರೆ, ಕೇಳಿದವರಿಗೆ ಅದು ಸ್ಥಳಕ್ಕೆ ಒಗ್ಗದ ಹವ್ಯಾಸವೆಂದು ತೋರುವುದು ಸಹಜ. ಆದರೆ ಈ ನೆಲದ ಚರಿತ್ರೆ ಬೇರೆಯೇ ಇದೆ. ಹಟ್ಟಿಯಿಂದ ಮಸ್ಕಿಯ ಕಡೆಗೆ ಹಬ್ಬಿರುವ ಪ್ರಾಚೀನ ಶಿಲಾಪಟ್ಟಿಯಲ್ಲಿ, ನೀರಿನಡಿಯಲ್ಲಿ ಉಕ್ಕಿದ ಲಾವಾರಸವು ಒಮ್ಮೆಗೇ ತಣಿದಾಗ ಉಂಟಾಗುವ ದಿಂಬಿನಾಕಾರದ ಶಿಲೆಗಳು ಉಂಟು. 250 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಜಲರಾಶಿಯೊಂದರ ತಳವಿದ್ದಿತೆಂಬುದಕ್ಕೆ ಅವೇ ಸಾಕ್ಷಿ.

ಅದಕ್ಕಿಂತಲೂ ಮುಖ್ಯವಾದುದು ಈ ಊರಿನ ಕಸುಬು. ಒಂದು ಟನ್ ಅದಿರನ್ನು ಅಗೆದು, ಮೇಲೆತ್ತಿ, ನುಣ್ಣಗೆ ಅರೆದರೆ ಅದರಲ್ಲಿ ದೊರೆಯುವ ಚಿನ್ನ ಕೆಲವೇ ಗ್ರಾಮ್. ಹೇರಳದೊಳಗೆ ಅಡಗಿದ ಅಲ್ಪವನ್ನು, ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದಂತಿರುವುದನ್ನು ಬೇರ್ಪಡಿಸುವ ವಿದ್ಯೆಯೇ, 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿಯೆಂದು ಆರಂಭವಾಗಿ 1956ರಲ್ಲಿ ಹಟ್ಟಿಯ ಹೆಸರನ್ನು ಧರಿಸಿದ ಸಂಸ್ಥೆಯ ಜೀವಾಳ. ಕಡಲಮೀನಿನ ತೊಟ್ಟಿಯ ಶೋಧನೆಯೂ ತತ್ತ್ವತಃ ಇದೇ ವಿದ್ಯೆಯ ಇನ್ನೊಂದು ಶಾಖೆ. ಅಲ್ಲಿ ಬೇರ್ಪಟ್ಟುದನ್ನು ಇರಿಸಿಕೊಂಡು ಉಳಿದುದನ್ನು ಬಿಡುತ್ತಾರೆ. ಇಲ್ಲಿ ಬೇರ್ಪಟ್ಟುದನ್ನು ಚೆಲ್ಲಿ ಉಳಿದ ನೀರನ್ನು ಕಾಪಾಡುತ್ತಾರೆ. ಮೀನು ಸಾಕುವುದೆಂದರೆ ಮೊದಲು ನೀರನ್ನು ಸಾಕುವುದು: ಈ ಹವ್ಯಾಸದ ಸಮಸ್ತ ಧರ್ಮವೂ ಈ ಒಂದು ಮಾತಿನಲ್ಲಿ ಅಡಗಿದೆ.

ಕಡಲನೀರನ್ನು ಮನುಷ್ಯನು ತಾನೇ ಸಿದ್ಧಪಡಿಸಬಲ್ಲನೆಂಬ ಧೈರ್ಯ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗವಿಜ್ಞಾನಿ ಬರೆದ ಗ್ರಂಥ ಅಲ್ಲಿನ ಮನೆಮನೆಗೂ ಈ ಹವ್ಯಾಸವನ್ನು ಹಬ್ಬಿಸಿತು. ಮುಂದೆ 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಚಾಲೆಂಜರ್ ನೌಕೆ ತಂದ ನೀರಿನ 77 ಮಾದರಿಗಳನ್ನು ಪರಿಶೋಧಿಸಿದ ವಿಲಿಯಂ ಡಿಟ್‌ಮಾರ್, ಉಪ್ಪು ಒಂದೆಡೆ ಹೆಚ್ಚು ಒಂದೆಡೆ ಕಡಿಮೆಯಿದ್ದರೂ ಅದರೊಳಗಿನ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಎಲ್ಲ ಸಾಗರಗಳಲ್ಲಿಯೂ ಬಹುಮಟ್ಟಿಗೆ ಒಂದೇ ಎಂದು 1884ರಲ್ಲಿ ಸ್ಥಾಪಿಸಿದನು. ಪ್ರಮಾಣ ಸ್ಥಿರವಾಗಿರುವುದರಿಂದಲೇ ಅದನ್ನು ಅನುಕರಿಸುವುದು ಸಾಧ್ಯ.

ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಮ್ ಲವಣವಿರುತ್ತದೆ. ಅದರಲ್ಲಿ ಸೋಡಿಯಂ ಮತ್ತು ಕ್ಲೋರೈಡುಗಳೇ ಸುಮಾರು 30 ಗ್ರಾಮ್. ಉಳಿದ ಭಾಗದಲ್ಲಿ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು ಇರುತ್ತವೆ. ಆದುದರಿಂದ ಅಡುಗೆಯ ಉಪ್ಪನ್ನು ಕದಡಿದರೆ ಉಪ್ಪುನೀರಾದೀತೇ ಹೊರತು ಕಡಲನೀರಾಗದು. ಗೋಕರ್ಣದ ಸಮೀಪದ ಸಾಣಿಕಟ್ಟೆಯಲ್ಲಿ ಬಿಸಿಲಿಗೆ ಬೆಳೆದ ಉಪ್ಪೂ ಈ ಕಾರ್ಯಕ್ಕೆ ಸಾಲದು; ಏಕೆಂದರೆ ನೀರು ಇಂಗುವಾಗ ಕ್ಯಾಲ್ಸಿಯಂ ಲವಣಗಳು ಮೊದಲೇ ತಳಕ್ಕಿಳಿದು, ಮೆಗ್ನೀಸಿಯಂ ಕಡೆಯ ಕಹಿನೀರಿನಲ್ಲಿ ಉಳಿದು, ನಡುವೆ ಹರಳುಗಟ್ಟಿದ ಉಪ್ಪು ಮಾತ್ರ ನಮ್ಮ ಕೈಸೇರುತ್ತದೆ. ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಸಿದ್ಧ ಕಡಲುಪ್ಪಿನ ಮಿಶ್ರಣವನ್ನೇ ಬಳಸತಕ್ಕದ್ದು.

ಆ ಉಪ್ಪನ್ನು ಬೆರೆಸುವ ನೀರು ಯಾವುದು? ಹಟ್ಟಿಯಿರುವ ರಾಯಚೂರು ಜಿಲ್ಲೆಯ ಕೊಳವೆಬಾವಿಗಳ ನೀರು ಬಹುಕಡೆ ಗಡಸು. ಅನೇಕ ಗ್ರಾಮಗಳಲ್ಲಿ ಫ್ಲೋರೈಡ್ ಉಂಟು, ಚಿನ್ನದ ಪಟ್ಟಿಯ ಕೆಲವೆಡೆ ಆರ್ಸೆನಿಕ್ಕೂ ಕಂಡುಬಂದಿದೆ. ನಲ್ಲಿಯ ನೀರಿನಲ್ಲಿ ಕ್ರಿಮಿನಾಶಕ್ಕೆಂದು ಬೆರೆಸಿದ ಕ್ಲೋರಿನ್ ಇರುತ್ತದೆ. ಇವುಗಳನ್ನೆಲ್ಲ ಕಳೆಯಲು ಆರ್.ಓ. ಯಂತ್ರದಲ್ಲಿ ಸೋಸಿ, ಬಳಿಕ ಅಯಾನುಗಳನ್ನು ಹೀರುವ ರಾಳದ ಮೂಲಕ ಹಾಯಿಸಿ, ಕರಗಿದ ಪದಾರ್ಥಗಳನ್ನು ಅಳೆಯುವ ಟಿ.ಡಿ.ಎಸ್. ಮೀಟರು ಸೊನ್ನೆಯನ್ನು ತೋರಿಸುವವರೆಗೆ ಶುದ್ಧಗೊಳಿಸಬೇಕು. ಆರ್.ಓ. ಯಂತ್ರ ಶುದ್ಧವಾಗಿ ಕೊಡುವ ನೀರಿಗಿಂತ ಹೊರಚೆಲ್ಲುವ ನೀರೇ ಸಾಮಾನ್ಯವಾಗಿ ಹೆಚ್ಚು. ನೀರಿನ ಬೆಲೆಯನ್ನು ಬಲ್ಲ ಈ ಸೀಮೆಯಲ್ಲಿ ಅದನ್ನು ಚರಂಡಿಗೆ ಬಿಡದೆ, ನೆಲ ತೊಳೆಯುವುದಕ್ಕಾದರೂ ಕೂಡಿಡುವುದು ಗೃಹಸ್ಥನ ಕರ್ತವ್ಯ.

ತೊಟ್ಟಿ ತೀರ ಚಿಕ್ಕದಾಗಿರಬಾರದು. ನೀರು ಸ್ವಲ್ಪವಿದ್ದಷ್ಟೂ ಅದರ ಉಷ್ಣತೆಯೂ ಲವಣಾಂಶವೂ ಬೇಗಬೇಗ ಏರಿಳಿಯುತ್ತವೆ. ಕಡಲಿನ ಜೀವಿಗಳಿಗೆ ಅಂಥ ಏರುಪೇರು ಸಹ್ಯವಲ್ಲ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಸುಮಾರು 255 ಲೀಟರ್ ನೀರನ್ನು ಹಿಡಿಯುತ್ತದೆ. ಅದಕ್ಕೆ ಸುಮಾರು 9 ಕಿಲೋಗ್ರಾಮ್ ಉಪ್ಪು ಬೇಕು. ಗಾಜು, ಕಲ್ಲು, ಮರಳುಗಳೂ ಸೇರಿ ಒಟ್ಟು ಭಾರ 300 ಕಿಲೋಗ್ರಾಮನ್ನು ಮೀರುವುದರಿಂದ, ಮಟ್ಟವಾದ ಭದ್ರಪೀಠವೊಂದನ್ನು ಬಿಸಿಲು ಬೀಳದ ಗೋಡೆಯ ಬದಿಯಲ್ಲಿ ಮೊದಲು ಸಿದ್ಧಪಡಿಸಬೇಕು. ಉಪ್ಪನ್ನು ಬೇರೆ ಪಾತ್ರೆಯಲ್ಲಿ ಪಂಪಿನಿಂದ ಒಂದು ದಿನ ಕಲಕಿ, ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರುವುದನ್ನು ಕಂಡುಕೊಂಡ ಮೇಲೆಯೇ ತೊಟ್ಟಿಗೆ ತುಂಬತಕ್ಕದ್ದು.

ಇನ್ನು ಶೋಧನೆ. ತೊಟ್ಟಿಯ ನೀರು ಕೆಳಗಿನ ಇನ್ನೊಂದು ಪಾತ್ರೆಗೆ, ಅಂದರೆ ಸಂಪ್‌ಗೆ ಇಳಿದು, ಅಲ್ಲಿ ಹಂತಹಂತವಾಗಿ ಶುದ್ಧಿಗೊಂಡು, ಪಂಪಿನ ಮೂಲಕ ಮರಳಿ ಮೇಲೇರುವುದು ಉತ್ತಮವಾದ ಕ್ರಮ. ಮೊದಲ ಹಂತದಲ್ಲಿ ದಟ್ಟವಾದ ಬಟ್ಟೆಯ ಚೀಲವಾಗಲಿ ಸ್ಪಂಜಾಗಲಿ ಕಣ್ಣಿಗೆ ಕಾಣುವ ಕಸವನ್ನು ತಡೆಯುತ್ತದೆ. ಅದನ್ನು ಮೂರು ನಾಲ್ಕು ದಿನಗಳಿಗೊಮ್ಮೆ ತೊಳೆಯದಿದ್ದರೆ, ಹಿಡಿದ ಕಸ ಅಲ್ಲಿಯೇ ಕೊಳೆತು ಶೋಧಕವೇ ಮಾಲಿನ್ಯದ ಮೂಲವಾಗುತ್ತದೆ.

ಎರಡನೆಯದು ನೊರೆಯ ಶೋಧನೆ. ಪ್ರೋಟೀನ್ ಸ್ಕಿಮ್ಮರ್ ಎಂಬ ಕೊಳವೆಯಲ್ಲಿ ಸೂಕ್ಷ್ಮವಾದ ಗುಳ್ಳೆಗಳು ಅಸಂಖ್ಯವಾಗಿ ಏಳುತ್ತವೆ. ಮೀನಿನ ಮಲ, ಉಳಿದ ಆಹಾರ ಇವುಗಳಿಂದ ಕರಗಿ ಬಂದ ಪ್ರೋಟೀನಿನಂಥ ಅಣುಗಳ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ನೀರಿನಿಂದ ದೂರ ಸರಿಯುತ್ತದೆ. ಹಾಗಾಗಿ ಅವು ಗುಳ್ಳೆಯ ಮೈಗೆ ಅಂಟಿಕೊಂಡು ಮೇಲೇರಿ, ಕಂದುನೊರೆಯಾಗಿ ಬಟ್ಟಲಿನಲ್ಲಿ ಶೇಖರವಾಗುತ್ತವೆ. ತಾಮ್ರದಂಥ ಲೋಹಗಳ ಅದಿರಿನ ಪುಡಿಯನ್ನು ನೊರೆಗೆ ಅಂಟಿಸಿ ತೇಲಿಸಿ ತೆಗೆಯುವ ಗಣಿಶಾಸ್ತ್ರದ ವಿಧಾನಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಮೂರನೆಯದು ಸಕ್ರಿಯ ಇದ್ದಿಲು. ಸೈನೈಡಿನ ದ್ರಾವಣದಲ್ಲಿ ಕರಗಿದ ಚಿನ್ನವನ್ನು ಇದ್ದಿಲಿನ ರಂಧ್ರಮಯವಾದ ಮೈಗೆ ಹಿಡಿಸುವುದು ಹಟ್ಟಿಯ ಕಾರ್ಖಾನೆಯವರಿಗೆ ನಿತ್ಯಪರಿಚಿತವಾದ ಕ್ರಿಯೆ. ಅಂಥದೇ ಇದ್ದಿಲು ತೊಟ್ಟಿಯ ನೀರಿಗೆ ಹಳದಿ ಬಣ್ಣವನ್ನೂ ವಾಸನೆಯನ್ನೂ ತರುವ ಪದಾರ್ಥಗಳನ್ನು ಹೀರಿಕೊಳ್ಳುತ್ತದೆ. ರಂಧ್ರಗಳು ತುಂಬಿದ ಮೇಲೆ ಅದು ನಿರುಪಯುಕ್ತ. ತಿಂಗಳಿಗೊಮ್ಮೆ ಬದಲಿಸುವುದು ಕ್ಷೇಮ.

ಆದರೆ ಇವೆಲ್ಲಕ್ಕಿಂತ ಹಿರಿದಾದುದು ಜೀವಾಣುಗಳಿಂದ ನಡೆಯುವ ಶೋಧನೆ. ಮೀನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ಕಡಲನೀರು ಕ್ಷಾರಗುಣದ್ದು, ಅದರ ಪಿ.ಎಚ್. ಸುಮಾರು 8.2, ಆ ಸ್ಥಿತಿಯಲ್ಲಿ ಅಮೋನಿಯಾದ ವಿಷಭಾಗ ಹೆಚ್ಚಾಗುವುದರಿಂದ, ಸಿಹಿನೀರಿನ ತೊಟ್ಟಿಗಿಂತ ಇಲ್ಲಿ ಅಪಾಯ ಅಧಿಕ. ಒಂದು ವರ್ಗದ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟಾಗಿಯೂ, ಇನ್ನೊಂದು ವರ್ಗ ಅದನ್ನು ಅಷ್ಟೊಂದು ಅಪಾಯಕರವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. 1890ರ ಸುಮಾರಿಗೆ ರಷ್ಯದ ವಿಜ್ಞಾನಿ ಸೆರ್ಗೇಯ್ ವಿನೊಗ್ರಾಡ್‌ಸ್ಕಿ ಮಣ್ಣಿನಲ್ಲಿ ಗುರುತಿಸಿದ ಕ್ರಿಯೆ ಇದೇ. ಈ ಜೀವಾಣುಗಳು ನೆಲಸಲು ರಂಧ್ರಗಳುಳ್ಳ ಕಲ್ಲು, ಸೆರಾಮಿಕ್ ಉಂಗುರ, ಮರಳು ಬೇಕು. ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನಿಲ್ಲದ ತೊಟ್ಟಿಗೆ ಅಮೋನಿಯಾವನ್ನು ಅಲ್ಪಪ್ರಮಾಣದಲ್ಲಿ ಒದಗಿಸುತ್ತ, ಪರೀಕ್ಷೆಯ ಕಿಟ್ಟಿನಿಂದ ನೋಡುತ್ತ, ಅಮೋನಿಯಾ ನೈಟ್ರೈಟುಗಳೆರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿಕೊಳ್ಳುವವರೆಗೆ ಕಾಯಬೇಕು. ನೀರು ಸ್ಫಟಿಕದಂತೆ ತಿಳಿಯಾಗಿದ್ದ ಮಾತ್ರಕ್ಕೆ ಅದು ನಿರ್ವಿಷವೆಂದು ತಿಳಿಯಲಾಗದು. ಈ ವಾರಗಳನ್ನು ತಾಳಲಾರದೆ ಮೊದಲ ದಿನವೇ ಮೀನು ಬಿಡುವವನು ಅವುಗಳ ಮರಣಕ್ಕೆ ತಾನೇ ಕಾರಣನಾಗುತ್ತಾನೆ.

ಹಟ್ಟಿಯ ಬೇಸಿಗೆ ಇನ್ನೊಂದು ಪರೀಕ್ಷೆ. ತೊಟ್ಟಿಯ ಉಷ್ಣತೆ 24ರಿಂದ 27 ಡಿಗ್ರಿಗಳ ನಡುವೆ ಇರಬೇಕು. ಹೊರಗೆ ಉಷ್ಣಮಾಪಕ 40ನ್ನು ದಾಟುತ್ತದೆ. ಉಪ್ಪುನೀರಿನಲ್ಲಿ ಸಿಹಿನೀರಿಗಿಂತ ಸುಮಾರು ಐದನೆಯ ಒಂದು ಪಾಲು ಕಡಿಮೆ ಆಮ್ಲಜನಕ ಕರಗುತ್ತದೆ, ಕಾದಷ್ಟೂ ಅದು ಇನ್ನೂ ಕುಗ್ಗುತ್ತದೆ. ನೀರಿನ ಮೇಲೆ ಗಾಳಿ ಬೀಸುವ ಫ್ಯಾನು ಎರಡು ಮೂರು ಡಿಗ್ರಿಗಳನ್ನು ಇಳಿಸೀತು. ಕಡುಬೇಸಿಗೆಗೆ ನೀರನ್ನು ತಣಿಸುವ ಚಿಲ್ಲರ್ ಯಂತ್ರ ಅನಿವಾರ್ಯ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದುದರಿಂದ ದಿನವೂ ಕಡಿಮೆಯಾದಷ್ಟನ್ನು ಶುದ್ಧವಾದ ಸಿಹಿನೀರಿನಿಂದ ತುಂಬಬೇಕೇ ಹೊರತು ಉಪ್ಪುನೀರಿನಿಂದಲ್ಲ. ಕರೆಂಟು ಹೋದಾಗ ಮೀನುಗಳೂ, ಆಮ್ಲಜನಕವನ್ನೇ ನಂಬಿದ ಆ ಜೀವಾಣುಗಳೂ ಒಟ್ಟಿಗೆ ಉಸಿರುಗಟ್ಟುವುದರಿಂದ, ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದು ಸದಾ ಸಿದ್ಧವಾಗಿರಲಿ.

ಮೀನಿನ ಆಯ್ಕೆಯಲ್ಲಿ ವಿವೇಕಕ್ಕೂ ಧರ್ಮಕ್ಕೂ ಸ್ಥಾನವುಂಟು. ಹವಳಗಳು, ಕಡಲಕುದುರೆಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿವೆ. ಅವುಗಳನ್ನು ಕಡಲಿನಿಂದ ಕಿತ್ತು ತಂದು ಮನೆಯಲ್ಲಿಡುವುದು ಅಪರಾಧ. 1960ರ ದಶಕದಿಂದ ಫಿಲಿಪೀನ್ಸಿನ ಹವಳದಿಬ್ಬಗಳಲ್ಲಿ ಅಲಂಕಾರದ ಮೀನುಗಳನ್ನು ಹಿಡಿಯಲು ಸೋಡಿಯಂ ಸೈನೈಡನ್ನು ಚಿಮುಕಿಸುವ ಕ್ರೂರಪದ್ಧತಿ ಹಬ್ಬಿತು; ಮೀನು ಮಂಪರುಗೊಂಡು ಕೈಗೆ ಸಿಕ್ಕಿದರೂ ಹವಳ ಸಾಯುತ್ತದೆ, ಮೀನೂ ಬಹುಕಾಲ ಬಾಳದು. ಸೈನೈಡಿನ ಸ್ವಭಾವ ಎಂಥದೆಂದು ಹಟ್ಟಿಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಕೇಂದ್ರೀಯ ಸಾಗರ ಮತ್ಸ್ಯ ಸಂಶೋಧನಾ ಸಂಸ್ಥೆಯು ವಿಳಿಂಜಂ, ಮಂಟಪಂ ಕೇಂದ್ರಗಳಲ್ಲಿ ಕ್ಲೌನ್ ಮತ್ತು ಡ್ಯಾಮ್ಸೆಲ್ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ಸಾಧಿಸಿದೆ. ಹೀಗೆ ಹುಟ್ಟಿದ ಮೀನನ್ನೇ ಕೇಳಿ ಕೊಳ್ಳಬೇಕು. ಮೊದಲು ಒಂದು ಜೋಡಿ ಕ್ಲೌನ್ ಸಾಕು.

ಕಡೆಗೆ, ನೈಟ್ರೇಟನ್ನು ಹತೋಟಿಯಲ್ಲಿಡುವ ಸುಲಭೋಪಾಯವೆಂದರೆ ನೀರು ಬದಲಾಯಿಸುವುದೇ: ಎರಡು ವಾರಗಳಿಗೊಮ್ಮೆ ಹತ್ತನೆಯ ಒಂದು ಪಾಲು, ಅಂದರೆ 25 ಲೀಟರ್, ಹೊಸ ಕಡಲನೀರು. ತೆಗೆದ ಹಳೆಯ ನೀರನ್ನು ಗಿಡದ ಬುಡಕ್ಕೆ ಚೆಲ್ಲಬಾರದು. ಸವುಳು ಹಿಡಿದ ಭೂಮಿ ಏನನ್ನೂ ಬೆಳೆಯದೆಂಬುದನ್ನು ಸಿಂಧನೂರಿನ ಕಾಲುವೆಯ ಬಯಲಿನ ರೈತರು ಅನುಭವದಿಂದ ಬಲ್ಲರು. ನೀರನ್ನು ಅಳೆಯುವ, ಸೋಸುವ, ತುಂಬುವ ಈ ನಿತ್ಯಕರ್ಮವನ್ನು ಭಾರವೆಂದು ಬಗೆಯದ ಮನೆಯಲ್ಲಿ ಮೀನು ಹಲವು ವರ್ಷ ಬಾಳುತ್ತದೆ. ಆ ಮನೆಯ ಮಕ್ಕಳಿಗೆ, ತಾವು ಕುಡಿಯುವ ನೀರಿನಲ್ಲಿಯೂ ಕಣ್ಣಿಗೆ ಕಾಣದುದು ಏನಿದೆಯೆಂದು ಪರೀಕ್ಷಿಸಿ ತಿಳಿಯುವ ಬುದ್ಧಿ ಬರುತ್ತದೆ. ಫ್ಲೋರೈಡಿನ ಸೀಮೆಯಲ್ಲಿ ಬೆಳೆಯುವ ಮಗುವಿಗೆ ಅದಕ್ಕಿಂತ ಉಪಯುಕ್ತವಾದ ವಿದ್ಯೆ ವಿರಳ.